ಅಷ್ಟಮಿ ನೋಡಿ ಗಾಳ ಹಾಕಿ: ಅಲಾಸ್ಕಾದ ಹೋಮರ್‌ನಲ್ಲಿ ಹಾಲಿಬಟ್, ಸಾಲ್ಮನ್ ಹಿಡಿಯುವ ಸಮಗ್ರ ಮಾರ್ಗದರ್ಶಿ

ಹೋಮರ್‌ಗೆ ಹೋಗಿ ಹಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನು ಹಿಡಿಯಬೇಕು ಅನ್ನುವ ಗೆಳೆಯರು ಮೊದಲು ಕೇಳುವುದು ರಾಡ್ ಯಾವುದು, ಗಾಳ ಯಾವುದು ಅಂತ. ನಾನು ಅವರಿಗೆ ಮೊದಲು ಕೇಳುವುದು ಯಾವ ತಿಥಿಗೆ ಹೋಗುತ್ತೀರಿ ಅಂತ. ಕುಂದಾಪುರದ ಕಡೆ ಬೆಳೆದವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ನೀರಿನ ಎಳೆತ ಹೇಗಿರುತ್ತದೆ ಅಂತ ನಮ್ಮ ಊರಿನ ಮೀನುಗಾರರಿಗೆಲ್ಲ ಗೊತ್ತು. ಅಲಾಸ್ಕಾದಲ್ಲೂ ಚಂದ್ರ ಅದೇ, ಸಮುದ್ರದ ಲೆಕ್ಕವೂ ಅದೇ. ಅಲ್ಲಿ ಎಳೆತ ಮಾತ್ರ ಹಲವು ಪಟ್ಟು ಜಾಸ್ತಿ.

ಹೋಮರ್ ಇರುವುದು ಆಂಕರೇಜ್‌ನಿಂದ ಸುಮಾರು 355 ಕಿಲೋಮೀಟರ್ ದೂರದಲ್ಲಿ, ಸ್ಟರ್ಲಿಂಗ್ ಹೆದ್ದಾರಿ ಮುಗಿಯುವ ಜಾಗದಲ್ಲಿ. ಕಾರಿನಲ್ಲಿ ಐದು ಗಂಟೆ ಇಟ್ಟುಕೊಳ್ಳಿ. ಊರಿನಿಂದ ಕಾಚೆಮಾಕ್ ಕೊಲ್ಲಿಯೊಳಗೆ ಸುಮಾರು 7 ಕಿಲೋಮೀಟರ್ ಉದ್ದದ ಒಂದು ಕಿರಿದಾದ ದಿಣ್ಣೆ ಚಾಚಿಕೊಂಡಿದೆ. ಅದೇ ಹೋಮರ್ ಸ್ಪಿಟ್. ಕೋಡಿ ಬೆಂಗ್ರೆ ನೋಡಿದವರಿಗೆ ಅದರ ಆಕಾರ ತಕ್ಷಣ ಗುರುತು ಸಿಗುತ್ತದೆ. ಬಂದರು, ದೋಣಿ ಕಚೇರಿಗಳು, ಮೀನು ಕೊಯ್ಯುವ ಮೇಜುಗಳು, ಸಾಲ್ಮನ್ ಬರುವ ಹೊಂಡ, ಎಲ್ಲ ಇರುವುದು ಈ ದಿಣ್ಣೆಯ ಮೇಲೆಯೇ.

ಮೊದಲ ಹೆಜ್ಜೆ: ದಿನ ಆರಿಸುವುದು

ಹಾಲಿಬಟ್ ಚಳಿಗಾಲದಲ್ಲಿ ಆಳ ಸಮುದ್ರಕ್ಕೆ ಇಳಿದು ಮೊಟ್ಟೆ ಇಡುತ್ತದೆ. ಬೇಸಿಗೆಗೆ ಮೇವು ಹುಡುಕಿಕೊಂಡು ದಡದ ಕಡೆ ಬರುತ್ತದೆ. ಹಾಗಾಗಿ ಮೇ ತಿಂಗಳಿಂದ ಸೆಪ್ಟೆಂಬರ್ ನಡುವೆ ಹೋದರೆ ಸರಿ. ಕೋಹೊ ಅನ್ನುವ ಜಾತಿಯ ಸಾಲ್ಮನ್ ಸ್ಪಿಟ್‌ನ ಹೊಂಡಕ್ಕೆ ಬರುವುದು ಜುಲೈ ನಡುಭಾಗದ ಮೇಲೆ. ಒಂದೇ ಪ್ರವಾಸದಲ್ಲಿ ಎರಡೂ ಬೇಕು ಅಂದರೆ ಜುಲೈ ಕೊನೆ ಅಥವಾ ಆಗಸ್ಟ್ ಇಟ್ಟುಕೊಳ್ಳಿ.

ಇನ್ನು ತಿಥಿ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಕಾಚೆಮಾಕ್ ಕೊಲ್ಲಿಯಲ್ಲಿ ಸಾಧಾರಣ ದಿನವೇ 15 ಅಡಿ. ಹುಣ್ಣಿಮೆ, ಅಮಾವಾಸ್ಯೆಯ ಒಂದೆರಡು ದಿನದಲ್ಲಿ 25 ಅಡಿ ದಾಟುವುದೂ ಉಂಟು. ಆರು ಗಂಟೆಯಲ್ಲಿ ಅಷ್ಟು ನೀರು ಒಳಗೆ ಬರಬೇಕು, ಮುಂದಿನ ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ನದಿಯ ಹಾಗೆ ಹರಿಯುತ್ತದೆ.

ನಾನು ಮೊದಲ ಸಲ ಹೋದದ್ದು ಹುಣ್ಣಿಮೆಯ ಮರುದಿನ. ಎರಡು ಪೌಂಡ್ ತೂಕದ ಸೀಸ ಕಟ್ಟಿದ್ದೆ. ಅದು ತಳ ಮುಟ್ಟಲೇ ಇಲ್ಲ. ದಾರ ಓರೆಯಾಗಿ ದೋಣಿಯ ಹಿಂದೆ ತೇಲುತ್ತಾ ಹೋಯಿತು. ಹಾಲಿಬಟ್ ಇರುವುದು ತಳದಲ್ಲಿ. ಎರೆ ತಳದಲ್ಲಿ ಇಲ್ಲ ಅಂದರೆ ಸುಮ್ನೆ ದಾರ ತೊಳೆದ ಹಾಗೆ. ಮುಂದಿನ ಸಲ ಅಷ್ಟಮಿ ಕಳೆದ ಮರುದಿನ ಹೋದೆ. ಅದೇ ಕೊಲ್ಲಿ. ಒಂದು ಪೌಂಡಿನ ಸೀಸ ಕಲ್ಲಿನ ಹಾಗೆ ತಳದಲ್ಲಿ ಕೂತಿತು.

ಅದಕ್ಕೇ ಹೇಳುವುದು, ಹಾಲಿಬಟ್‌ಗೆ ಅಷ್ಟಮಿ, ನವಮಿ, ದಶಮಿ ಒಳ್ಳೆಯದು, ಶುಕ್ಲ ಪಕ್ಷವಾಗಲಿ ಕೃಷ್ಣ ಪಕ್ಷವಾಗಲಿ. ಪಂಚಾಂಗ ಕೈಯಲ್ಲಿ ಇಲ್ಲದಿದ್ದರೆ ಅಮೆರಿಕದ ಸಮುದ್ರ ಇಲಾಖೆ ನೋವಾ ಕೊಡುವ ಉಬ್ಬರ ಇಳಿತದ ಪಟ್ಟಿ ನೋಡಿ. ಅಂಗಡಿಗಳಲ್ಲಿ ಟೈಡ್ ಬುಕ್ ಅಂತ ಪುಟ್ಟ ಪುಸ್ತಕವೂ ಸಿಗುತ್ತದೆ. ಒಂದೊಂದು ದಿನದ ಅತಿ ಎತ್ತರ ಮತ್ತು ಅತಿ ತಗ್ಗಿನ ನಡುವಿನ ಅಂತರ ಕಳೆದು ನೋಡಿ. ಅಂತರ ಕಡಿಮೆ ಇರುವ ದಿನವೇ ನಿಮ್ಮ ದಿನ.

ಆ ದಿನದಲ್ಲೂ ಒಂದು ಹೊತ್ತು ಇದೆ. ಉಬ್ಬರ ತುಂಬಿ ಇಳಿತ ಶುರುವಾಗುವ ಮುಂಚೆ ನೀರು ಸ್ವಲ್ಪ ಹೊತ್ತು ನಿಂತ ಹಾಗಿರುತ್ತದೆ. ಇಳಿತ ಮುಗಿದಾಗಲೂ ಅಷ್ಟೇ. ಆ ಹೊತ್ತಿಗೆ ಒಂದು ಗಂಟೆ ಮೊದಲೇ ಗಾಳ ನೀರಿನಲ್ಲಿ ಇರಬೇಕು. ನೀರು ಮೆಲ್ಲಗೆ ಹರಿಯುವಾಗ ಎರೆಯ ವಾಸನೆ ದೂರ ಹೋಗುತ್ತದೆ, ಸೀಸವೂ ಅಲುಗುವುದಿಲ್ಲ. ಹಾಲಿಬಟ್ ವಾಸನೆ ಹಿಡಿದು ಬರುವ ಮೀನು.

ಲೈಸೆನ್ಸ್ ಮತ್ತು ಕಾನೂನು

ಅಲಾಸ್ಕಾದವರಾದರೆ 18, ಹೊರಗಿನವರಾದರೆ 16 ತುಂಬಿದವರಿಗೆಲ್ಲ ಅಲಾಸ್ಕಾದ ಸ್ಪೋರ್ಟ್ ಫಿಶಿಂಗ್ ಲೈಸೆನ್ಸ್ ಬೇಕು. ರಾಜ್ಯದ ಮೀನು ಮತ್ತು ಬೇಟೆ ಇಲಾಖೆಯ ಜಾಲತಾಣದಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. ಹೊರಗಿನಿಂದ ಬರುವವರಿಗೆ ಒಂದು ದಿನ, ಮೂರು ದಿನ, ಏಳು ದಿನ ಅಂತ ಬೇರೆ ಬೇರೆ ಇದೆ. ಅಲಾಸ್ಕಾದವರ ಅಗ್ಗದ ಲೈಸೆನ್ಸ್ ಬೇಕಾದರೆ ಅಲ್ಲಿ 12 ತಿಂಗಳು ಸತತವಾಗಿ ವಾಸವಿರಬೇಕು. ಕಿಂಗ್ ಅನ್ನುವ ಜಾತಿಯ ಸಾಲ್ಮನ್ ಹಿಡಿಯುವುದಾದರೆ ಜೊತೆಗೆ ಕಿಂಗ್ ಸ್ಟ್ಯಾಂಪ್ ಅನ್ನುವ ಹೆಚ್ಚುವರಿ ಪರವಾನಗಿ ಕೂಡ ತೆಗೆದುಕೊಳ್ಳಿ. ವರ್ಷಕ್ಕೆ ಇಷ್ಟೇ ಅಂತ ಮಿತಿ ಇರುವ ಕಿಂಗ್ ಹಿಡಿದರೆ ಆ ಕ್ಷಣವೇ ಶಾಯಿಯಲ್ಲಿ ದಾಖಲಿಸಬೇಕು, ದಡಕ್ಕೆ ಬಂದ ಮೇಲೆ ಅಲ್ಲ.

ಹಾಲಿಬಟ್‌ನ ನಿಯಮದ ಹಿಂದೆ ಅಮೆರಿಕ ಮತ್ತು ಕೆನಡಾ ಸೇರಿ 1923ರಲ್ಲಿ ಮಾಡಿಕೊಂಡ ಒಂದು ಆಯೋಗವಿದೆ. ಸ್ವಂತ ದೋಣಿ ಅಥವಾ ಗೆಳೆಯರ ದೋಣಿಯಲ್ಲಿ ಹೋದರೆ ದಿನಕ್ಕೆ ತಲೆಗೆ ಎರಡು ಹಾಲಿಬಟ್. ದುಡ್ಡು ಕೊಟ್ಟು ಚಾರ್ಟರ್ ದೋಣಿಯಲ್ಲಿ ಹೋದರೆ ನಿಯಮ ಬಿಗಿ. ಇತ್ತೀಚಿನ ವರ್ಷಗಳಲ್ಲಿ ಎರಡನೆಯ ಮೀನು 28 ಇಂಚಿನ ಆಸುಪಾಸಿನ ಮಿತಿಯೊಳಗೇ ಇರಬೇಕು ಅಂತಿತ್ತು. ವಾರದ ಕೆಲವು ದಿನ ಹಾಲಿಬಟ್ ಇಟ್ಟುಕೊಳ್ಳುವ ಹಾಗೇ ಇರಲಿಲ್ಲ. ಇದು ವರ್ಷ ವರ್ಷ ಬದಲಾಗುತ್ತದೆ. ಸಾಲ್ಮನ್‌ದಂತೂ ಋತುವಿನ ನಡುವೆಯೇ ತುರ್ತು ಆದೇಶ ಬರುತ್ತದೆ. ಕಾಚೆಮಾಕ್ ಕೊಲ್ಲಿ ಸೇರಿಕೊಂಡಿರುವ ದೊಡ್ಡ ಕೊಲ್ಲಿ ಕುಕ್ ಇನ್ಲೆಟ್‌ನ ಕಿಂಗ್ ಸಾಲ್ಮನ್ ತುಂಬಾ ಕಡಿಮೆಯಾಗಿದೆ, ಹಾಗಾಗಿ ಅದಕ್ಕೆ ನಿರ್ಬಂಧ ಜಾಸ್ತಿ. ಹೊರಡುವ ಹಿಂದಿನ ದಿನ ಇಲಾಖೆಯ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ.

ಯಾವ ದೋಣಿ?

ಮೊದಲ ಸಲ ಹೋಗುವವರು ದಯವಿಟ್ಟು ಚಾರ್ಟರ್ ದೋಣಿಯಲ್ಲೇ ಹೋಗಿ. ಹೆಚ್ಚಿನವು ಆರು ಜನ ಹಿಡಿಯುವ ದೋಣಿಗಳು. ರಾಡ್, ಎರೆ ಎಲ್ಲ ಅವರದ್ದೇ. ಅರ್ಧ ದಿನದ್ದು ಕೊಲ್ಲಿಯ ಹತ್ತಿರವೇ ಸುತ್ತುತ್ತದೆ, ಮೀನು ಸಣ್ಣದು, ಮಕ್ಕಳಿರುವವರಿಗೆ ಸರಿ. ಪೂರ್ತಿ ದಿನದ್ದು ಕುಕ್ ಇನ್ಲೆಟ್‌ನ ಹೊರಬಾಯಿಯ ಕಡೆ ಹೋಗುತ್ತದೆ.

ಸ್ವಂತ ದೋಣಿ ಇರುವವರಿಗೆ ಎರಡು ಮಾತು. ಬಿಸಿಲು ಚೆನ್ನಾಗಿರುವ ದಿನ ಮಧ್ಯಾಹ್ನದ ಮೇಲೆ ಕೊಲ್ಲಿಗೆ ಕಡಲಗಾಳಿ ಬೀಸುತ್ತದೆ. ಅದೇ ಹೊತ್ತಿಗೆ ನೀರು ಇಳಿತದಲ್ಲಿದ್ದರೆ ಗಾಳಿಗೂ ನೀರಿಗೂ ಎದುರುಬದುರಾಗಿ ಮೊನಚು ಅಲೆ ಏಳುತ್ತದೆ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬನ್ನಿ. ಎರಡನೆಯದು ಲಂಗರು. ಹರಿವು ಜೋರಿರುವಾಗ ಹಿಂಬದಿಯಿಂದ ಲಂಗರು ಕಟ್ಟಿದರೆ ದೋಣಿ ಹಿಂದಿನಿಂದ ನೀರು ಕುಡಿದು ಮುಳುಗುತ್ತದೆ. ಲಂಗರಿನ ಅಭ್ಯಾಸ ಇಲ್ಲದವರು ಅದನ್ನು ಮುಟ್ಟಬೇಡಿ, ನೀರು ನಿಂತ ಹೊತ್ತಿನಲ್ಲಿ ದೋಣಿಯನ್ನು ತೇಲಲು ಬಿಟ್ಟು ಹಿಡಿಯಿರಿ.

ಲೈಫ್ ಜಾಕೆಟ್ ಮೈಮೇಲೆ ಇರಲಿ, ಸೀಟಿನ ಕೆಳಗೆ ಅಲ್ಲ. 13 ವರ್ಷದೊಳಗಿನ ಮಕ್ಕಳು ದೋಣಿಯ ತೆರೆದ ಭಾಗದಲ್ಲಿ ಅದನ್ನು ಹಾಕಿಕೊಂಡಿರಲೇಬೇಕು ಅಂತ ಕಾನೂನೇ ಇದೆ. ಆ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಬಿದ್ದರೆ ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ, ಎಷ್ಟು ಚೆನ್ನಾಗಿ ಈಜು ಬಂದರೂ ಅಷ್ಟೇ. ಫೋನ್ ಸಿಗ್ನಲ್ ನಂಬಬೇಡಿ. ವಿಎಚ್ಎಫ್ ರೇಡಿಯೋ ಇರಲಿ, ಅಪಾಯದ ಕರೆಗೆ 16ನೇ ಚಾನೆಲ್.

ವಾಂತಿಯ ಮಾತ್ರೆ ಹೊರಡುವ ಒಂದು ಗಂಟೆ ಮೊದಲೇ ನುಂಗಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ.

ಹಾಲಿಬಟ್: ಗಾಳ ಕಟ್ಟುವುದರಿಂದ ಮೀನು ಏರಿಸುವವರೆಗೆ

ನಮ್ಮ ನಂಗ್ ಮೀನು ನೋಡಿದ್ದೀರಿ ಅಲ್ವಾ? ಚಪ್ಪಟೆ, ಎರಡೂ ಕಣ್ಣು ಒಂದೇ ಕಡೆ. ಹಾಲಿಬಟ್ ಅದರ ದೂರದ ನೆಂಟ, ಆದರೆ ರಾಕ್ಷಸ ಗಾತ್ರ. ಮರಿಯಾಗಿದ್ದಾಗ ಎಲ್ಲ ಮೀನಿನ ಹಾಗೆ ಎರಡು ಕಡೆ ಕಣ್ಣು ಇರುತ್ತದೆ. ಬೆಳೆಯುತ್ತಾ ಎಡಗಣ್ಣು ತಲೆ ದಾಟಿ ಬಲಗಡೆಗೆ ಬರುತ್ತದೆ. ಆಮೇಲೆ ಜೀವನವೆಲ್ಲ ತಳದಲ್ಲಿ ಮಲಗಿ ಮೇಲೆ ನೋಡುತ್ತಾ ಇರುತ್ತದೆ. ಅಲಾಸ್ಕಾದಲ್ಲಿ ಹವ್ಯಾಸಕ್ಕೆ ಹಿಡಿದ ಹಾಲಿಬಟ್‌ಗಳಲ್ಲಿ ದಾಖಲೆ 459 ಪೌಂಡ್, 1996ರಲ್ಲಿ ಉನಲಾಸ್ಕಾದಲ್ಲಿ ಸಿಕ್ಕಿದ್ದು.

ರಾಡ್ ಗಿಡ್ಡ ಮತ್ತು ಗಟ್ಟಿ ಇರಲಿ, ಐದೂವರೆ ಆರು ಅಡಿ ಸಾಕು. ಹೆಣೆದ ದಾರ 80 ಪೌಂಡಿನದ್ದು. ನೈಲಾನ್ ದಾರ ಬೇಡ, ಆಳದಲ್ಲಿ ಅದು ರಬ್ಬರಿನ ಹಾಗೆ ಹಿಗ್ಗುತ್ತದೆ, ಮೀನು ಮುಟ್ಟಿದ್ದು ಕೈಗೆ ಗೊತ್ತಾಗುವುದಿಲ್ಲ. ಕೊನೆಯ ಎರಡು ಮೂರು ಅಡಿ ಮಾತ್ರ ದಪ್ಪ ನೈಲಾನ್ ಇರಲಿ, ಕಲ್ಲಿಗೆ, ಹಲ್ಲಿಗೆ ತಡೆದುಕೊಳ್ಳುತ್ತದೆ. ಸೀಸ ಒಂದರಿಂದ ಮೂರು ಪೌಂಡಿನವರೆಗೆ ಬೇರೆ ಬೇರೆ ತೂಕದ್ದು ಇಟ್ಟುಕೊಳ್ಳಿ.

ಗಾಳ 16/0 ಅಳತೆಯ ಸರ್ಕಲ್ ಹುಕ್. ಇದರ ತುದಿ ಒಳಕ್ಕೆ ಬಾಗಿರುತ್ತದೆ. ಇದಕ್ಕೆ ಹೆರಿಂಗ್ ಸಿಕ್ಕಿಸಿ. ಹೆರಿಂಗ್ ನಮ್ಮ ಬೂತಾಯಿಯ ಜಾತಿಯದ್ದೇ, ಎಣ್ಣೆ ಜಾಸ್ತಿ, ವಾಸನೆ ಜಾಸ್ತಿ. ಆದರೆ ಮೆತ್ತಗೆ, ಸಣ್ಣ ಮೀನುಗಳು ಕಿತ್ತುಕೊಂಡು ಹೋಗುತ್ತವೆ. ಅದರ ಜೊತೆ ಆಕ್ಟೋಪಸ್‌ನ ಒಂದು ತುಂಡೋ ಸಾಲ್ಮನ್ ಹೊಟ್ಟೆಯ ಒಂದು ಪಟ್ಟಿಯೋ ಸೇರಿಸಿ. ಹೆರಿಂಗ್ ಹೋದರೂ ಅದು ಉಳಿಯುತ್ತದೆ. ಗಾಳದ ಮೊನೆ ಮಾತ್ರ ಎರೆಯೊಳಗೆ ಮುಚ್ಚಿಹೋಗಬಾರದು.

ಈಗ ಇಳಿಸುವುದು. ರೀಲಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಬಿಡಿ. ಜೋರಾಗಿ ಬಿಟ್ಟರೆ ದಾರ ಗಂಟು ಬೀಳುತ್ತದೆ. 150, 200 ಅಡಿ ಇಳಿದ ಮೇಲೆ ಧಪ್ ಅಂತ ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಆಗ ಒಂದು ಸುತ್ತು ಮೇಲೆಳೆದುಕೊಳ್ಳಿ. ಒಂದೆರಡು ನಿಮಿಷಕ್ಕೊಮ್ಮೆ ರಾಡ್ ಎತ್ತಿ ಇಳಿಸಿ, ತಳ ಇನ್ನೂ ಅಲ್ಲೇ ಇದೆಯಾ ನೋಡಿ.

ಹಾಲಿಬಟ್ ಎರೆಯನ್ನು ಮೊದಲು ತಟ್ಟುತ್ತದೆ. ಟಕ್, ಟಕ್. ಈ ಕ್ಷಣದಲ್ಲೇ ಎಲ್ಲರೂ ತಪ್ಪು ಮಾಡುವುದು. ಊರಿನಲ್ಲಿ ಗಾಳ ಹಾಕಿ ಅಭ್ಯಾಸ ಇರುವವರ ಕೈ ತಾನಾಗಿ ರಾಡನ್ನು ಮೇಲಕ್ಕೆ ಸೆಳೆಯುತ್ತದೆ. ಸರ್ಕಲ್ ಹುಕ್ಕನ್ನು ಸೆಳೆಯಬಾರದು. ಸೆಳೆದರೆ ಅದು ಬಾಯಿಂದ ಜಾರಿ ಬರುತ್ತದೆ. ಕಾಯಿರಿ. ಮೀನು ನುಂಗಿ ತಿರುಗಿ ಹೊರಟಾಗ ರಾಡ್ ಬಾಗಿ ಬಾಗಿ ನೀರಿನ ಕಡೆ ಹೋಗುತ್ತದೆ. ಆಗ ರೀಲ್ ತಿರುಗಿಸಲು ಶುರು ಮಾಡಿ, ಮೆಲ್ಲಗೆ, ಒಂದೇ ಸಮನೆ. ಗಾಳ ತಾನಾಗಿ ತಿರುಗಿ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ನನಗೆ ಈ ಪಾಠ ಕೈಗೆ ಹತ್ತಲು ನಾಲ್ಕು ಮೀನು ಕಳೆದುಕೊಳ್ಳಬೇಕಾಯಿತು.

ಮೇಲೆ ಬರುವಾಗ ಅದು ಎರಡು ಮೂರು ಸಲ ಮತ್ತೆ ತಳಕ್ಕೆ ಓಡುತ್ತದೆ. ಓಡಲು ಬಿಡಿ. ನೀರಿನ ಮೇಲೆ ಬಂದಾಗ ಅದರ ತಲೆಯನ್ನು ನೀರಿನಿಂದ ಹೊರಗೆ ಎತ್ತಬೇಡಿ, ಎತ್ತಿದರೆ ಒದ್ದಾಡಿ ಬಿಡಿಸಿಕೊಳ್ಳುತ್ತದೆ. ಇಟ್ಟುಕೊಳ್ಳುವ ಸಣ್ಣ ಮೀನಾದರೆ ಕೊಕ್ಕೆಯಿಂದ ತಲೆಗೆ ಹಿಡಿದು ಒಳಗೆ ತೆಗೆದುಕೊಳ್ಳಿ, ದೊಣ್ಣೆಯಿಂದ ತಲೆಗೆ ಒಂದು ಪೆಟ್ಟು ಕೊಡಿ. ತಕ್ಷಣ ಕಿವಿರು ಕತ್ತರಿಸಿ ರಕ್ತ ಬಸಿಯಲು ಬಿಡಿ, ಆಮೇಲೆ ಐಸಿನಲ್ಲಿ ಹಾಕಿ. ರಕ್ತ ಬಸಿದ ಮೀನಿನ ಮಾಂಸ ಹಾಲಿನ ಹಾಗೆ ಬಿಳಿ ಇರುತ್ತದೆ.

ದೊಡ್ಡ ಮೀನನ್ನು ಜೀವ ಇರುವಾಗ ದೋಣಿಯೊಳಗೆ ತರಲೇಬಾರದು. ನೂರು ಪೌಂಡಿನ ಹಾಲಿಬಟ್ ಬಾಲ ಬೀಸಿದರೆ ಕಾಲು ಮುರಿಯುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ದೊಡ್ಡದನ್ನು ಬಿಟ್ಟುಬಿಡಿ. ತೀರಾ ದೊಡ್ಡ ಹಾಲಿಬಟ್‌ಗಳೆಲ್ಲ ಹೆಚ್ಚುಕಡಿಮೆ ಹೆಣ್ಣೇ. 50 ಪೌಂಡಿನದ್ದು ಸುಮಾರು ಐದು ಲಕ್ಷ ಮೊಟ್ಟೆ ಇಟ್ಟರೆ, 250 ಪೌಂಡ್ ದಾಟಿದ್ದು ನಲವತ್ತು ಲಕ್ಷದವರೆಗೆ ಇಡಬಲ್ಲದು. ತಿನ್ನಲೂ ದೊಡ್ಡದು ಒರಟು. ಅಲ್ಲಿನವರು ಚಿಕನ್ ಹಾಲಿಬಟ್ ಅಂತ ಕರೆಯುವ 10, 20 ಪೌಂಡಿನ ಮೀನಿನ ರುಚಿ ಅದಕ್ಕಿಲ್ಲ. ನೀರಿನಲ್ಲೇ ಇಟ್ಟು ಫೋಟೋ ತೆಗೆಯಿರಿ, ಉದ್ದ ಮೂಗಿನ ಇಕ್ಕಳದಿಂದ ಗಾಳ ತಿರುಗಿಸಿ ಬಿಡಿಸಿ. ಬೆಳೆದ ಹಾಲಿಬಟ್‌ಗೆ ಹೊಟ್ಟೆಯಲ್ಲಿ ಗಾಳಿಚೀಲ ಇಲ್ಲ. ಆಳದಿಂದ ಎಳೆದು ತಂದರೂ ಅದಕ್ಕೆ ಏನೂ ಆಗದೆ ವಾಪಸ್ ಇಳಿದು ಹೋಗುತ್ತದೆ.

ರಾಕ್‌ಫಿಶ್ ಹಾಗಲ್ಲ. ಅದೂ ಇದೇ ಗಾಳಕ್ಕೆ ಸಿಗುತ್ತದೆ. ಮೇಲೆ ಬರುತ್ತಿದ್ದ ಹಾಗೆ ಅದರ ಗಾಳಿಚೀಲ ಉಬ್ಬಿ ಕಣ್ಣು, ಹೊಟ್ಟೆ ಹೊರಗೆ ಬರುತ್ತದೆ. ಸುಮ್ನೆ ನೀರಿಗೆ ಎಸೆದರೆ ತೇಲುತ್ತಲೇ ಸಾಯುತ್ತದೆ. ಭಾರ ಕಟ್ಟಿ ಮತ್ತೆ ಆಳಕ್ಕೆ ಇಳಿಸಿ ಬಿಡುವ ಒಂದು ಸಾಧನ ಇದೆ. 2020ರಿಂದ ಸಮುದ್ರದಲ್ಲಿ ಗಾಳ ಹಾಕುವ ಪ್ರತಿಯೊಂದು ದೋಣಿಯಲ್ಲೂ ಅದು ಇರಬೇಕು ಅಂತ ಅಲಾಸ್ಕಾ ಕಾನೂನು ಮಾಡಿದೆ. ಕೆಲವು ಜಾತಿಯ ರಾಕ್‌ಫಿಶ್ ನೂರು ವರ್ಷ ದಾಟಿ ಬದುಕುತ್ತವೆ. ನಮ್ಮ ಅಜ್ಜನಿಗಿಂತ ಹಿರಿಯ ಮೀನು ಅದು.

ಇನ್ನೊಂದು ಎಚ್ಚರ. ಆರೋಟೂತ್ ಅನ್ನುವ ಚಪ್ಪಟೆ ಮೀನು ನೋಡಲು ಹಾಲಿಬಟ್ ಹಾಗೇ ಇರುತ್ತದೆ. ಬಾಯಿ ಅಗಲ, ಹಲ್ಲು ಚೂಪು. ಬೇಯಿಸಿದರೆ ಮಾಂಸ ಗಂಜಿಯ ಹಾಗೆ ಕರಗಿಹೋಗುತ್ತದೆ. ಇಟ್ಟುಕೊಳ್ಳಬೇಡಿ.

ಸಾಲ್ಮನ್: ಸ್ಪಿಟ್‌ನ ಹೊಂಡದಲ್ಲಿ, ನೀರು ಓಡುವಾಗ

ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ದೋಣಿಯೇ ಬೇಡ. ಸ್ಪಿಟ್ ಮೇಲೆ ನಿಕ್ ಡುಡಿಯಾಕ್ ಫಿಶಿಂಗ್ ಲಗೂನ್ ಇದೆ. ಊರಿನವರು ಫಿಶಿಂಗ್ ಹೋಲ್ ಅನ್ನುತ್ತಾರೆ. ಇದನ್ನು ಶುರು ಮಾಡಲು ದುಡಿದ ಇಲಾಖೆಯ ಜೀವಶಾಸ್ತ್ರಜ್ಞರ ಹೆಸರೇ ಅದಕ್ಕೆ. ಸಾಲ್ಮನ್ ತಾನು ಬೆಳೆದ ನೀರಿನ ವಾಸನೆ ಮರೆಯುವುದಿಲ್ಲ, ಅಲ್ಲಿಗೇ ವಾಪಸ್ ಬರುತ್ತದೆ. ಇಲಾಖೆಯವರು ಮೊಟ್ಟೆಮನೆಯಲ್ಲಿ ಬೆಳೆಸಿದ ಮರಿಗಳನ್ನು ತಂದು ಕೆಲವು ದಿನ ಈ ಹೊಂಡದಲ್ಲಿಟ್ಟು ಸಮುದ್ರಕ್ಕೆ ಬಿಡುತ್ತಾರೆ. ದೊಡ್ಡದಾದ ಮೇಲೆ ಅವು ಇಲ್ಲಿಗೇ ಬರುತ್ತವೆ. ಆದರೆ ಮೊಟ್ಟೆ ಇಡಲು ಇಲ್ಲಿ ಹೊಳೆಯೇ ಇಲ್ಲ. ಅಂದರೆ ಬಂದ ಮೀನೆಲ್ಲ ಹಿಡಿಯುವವರಿಗಾಗಿಯೇ ಬಂದದ್ದು.

ಹಾಲಿಬಟ್‌ಗೆ ನೀರು ನಿಲ್ಲಬೇಕು ಅಂದೆ. ಇಲ್ಲಿ ತದ್ವಿರುದ್ಧ. ಉಬ್ಬರದ ನೀರು ಕಿರಿದಾದ ಬಾಯಿಯಿಂದ ಹೊಂಡಕ್ಕೆ ನುಗ್ಗುವಾಗ ಮೀನೂ ಜೊತೆಗೆ ಬರುತ್ತದೆ. ಆಗ ಅಲ್ಲಿರಬೇಕು. ಹಾಗಾಗಿ ಹುಣ್ಣಿಮೆ ದಿನ ಹೋಮರ್‌ನಲ್ಲಿ ಇರುವಂತಾದರೆ ಬೇಸರ ಬೇಡ, ಆ ದಿನ ಹೊಂಡಕ್ಕೆ ಹೋಗಿ.

ಎಂಟು ಒಂಬತ್ತು ಅಡಿಯ ಹಗುರ ರಾಡ್, 15, 20 ಪೌಂಡಿನ ದಾರ, ಒಂದು ಬೆಂಡು, ಅದರ ಕೆಳಗೆ ಮೂರರಿಂದ ಐದು ಅಡಿಯಲ್ಲಿ ಗಾಳ. ಎರೆಗೆ ಉಪ್ಪು ಹಾಕಿ ಹದ ಮಾಡಿದ ಸಾಲ್ಮನ್ ಮೊಟ್ಟೆಯ ಗೊಂಚಲು, ಅಂಗಡಿಯಲ್ಲಿ ಸಿಗುತ್ತದೆ. ಬೆಂಡು ಮುಳುಗಿದ ತಕ್ಷಣ ಸೆಳೆಯಿರಿ. ಇದು ಸರ್ಕಲ್ ಹುಕ್ ಅಲ್ಲ, ಕಾಯುತ್ತಾ ಕೂತರೆ ಉಗುಳಿಬಿಡುತ್ತದೆ. ಮೀನು ಸಿಕ್ಕಿದರೆ "ಫಿಶ್ ಆನ್" ಅಂತ ಕೂಗಿ. ಅಕ್ಕಪಕ್ಕದವರು ತಮ್ಮ ದಾರ ಸುತ್ತಿಕೊಂಡು ನಿಮಗೆ ದಾರಿ ಬಿಡುತ್ತಾರೆ. ಬೇರೆಯವರು ಕೂಗಿದಾಗ ನೀವೂ ಹಾಗೇ ಮಾಡಿ. ಎರೆ ಇಲ್ಲದೆ ಗಾಳವನ್ನು ಮೀನಿನ ಮೈಗೆ ಸಿಕ್ಕಿಸಿ ಎಳೆಯುವುದು ಇಲ್ಲಿ ತಪ್ಪು. ಋತುವಿನ ಕೊನೆಗೆ ಇಲಾಖೆ ಘೋಷಿಸಿದಾಗ ಮಾತ್ರ ಅದಕ್ಕೆ ಅವಕಾಶ.

ದೋಣಿಯಿಂದ ಸಾಲ್ಮನ್ ಹಿಡಿಯುವುದಾದರೆ ಮೆಲ್ಲಗೆ ಓಡಿಸುತ್ತಾ ಹೆರಿಂಗ್ ಎಳೆಯುತ್ತಾರೆ. ವೇಗ ಗಂಟೆಗೆ ಎರಡು ಮೂರು ಮೈಲಿ. ಕೋಹೊ ಮೇಲಿನ ನೀರಿನಲ್ಲಿ, ಕಿಂಗ್ ಆಳದಲ್ಲಿ. ಬಲೆಗೆ ಯಾವಾಗಲೂ ತಲೆಯ ಕಡೆಯಿಂದ ತೆಗೆದುಕೊಳ್ಳಿ.

ಯಾವ ಸಾಲ್ಮನ್ ಅಂತ ಗುರುತಿಸುವುದು ಕಲಿಯಲೇಬೇಕು, ಕಾನೂನು ಒಂದೊಂದಕ್ಕೆ ಒಂದೊಂದು. ಬಾಯಿ ತೆರೆದು ಕೆಳಗಿನ ಒಸಡು ನೋಡಿ. ಕಪ್ಪಿದ್ದರೆ ಕಿಂಗ್, ಹಲ್ಲಿನ ಬುಡ ಬಿಳುಪಿದ್ದರೆ ಕೋಹೊ. ಬಾಲದ ಎರಡೂ ಭಾಗದಲ್ಲಿ ಚುಕ್ಕೆ ಇದ್ದರೆ ಕಿಂಗ್, ಮೇಲಿನ ಭಾಗದಲ್ಲಿ ಮಾತ್ರ ಇದ್ದರೆ ಕೋಹೊ. ಐದು ಜಾತಿಯ ಹೆಸರನ್ನು ಅಲಾಸ್ಕಾದ ಮಕ್ಕಳು ಬೆರಳಿನಲ್ಲಿ ಎಣಿಸುತ್ತಾರೆ. ಹೆಬ್ಬೆರಳು ಚಮ್, ತೋರುಬೆರಳು ಸಾಕ್‌ಐ, ನಡುಬೆರಳು ಕಿಂಗ್, ಉಂಗುರದ ಬೆರಳು ಬೆಳ್ಳಿ ಅಂದರೆ ಸಿಲ್ವರ್, ಕಿರುಬೆರಳು ಪಿಂಕ್. ಸಿಲ್ವರ್ ಅಂದರೆ ಕೋಹೊ.

ಕೊಯ್ಯುವುದು, ಮನೆಗೆ ಒಯ್ಯುವುದು, ಬೇಯಿಸುವುದು

ಹಾಲಿಬಟ್‌ನ ನಡು ಗೆರೆಯುದ್ದಕ್ಕೂ ಮೂಳೆ ತಾಗುವವರೆಗೆ ಕೊಯ್ದರೆ ಕಪ್ಪು ಮೈಯಲ್ಲಿ ಎರಡು, ಬಿಳಿ ಮೈಯಲ್ಲಿ ಎರಡು, ಒಟ್ಟು ನಾಲ್ಕು ದೊಡ್ಡ ತುಂಡು ಬರುತ್ತದೆ. ಜೊತೆಗೆ ಎರಡು ಕೆನ್ನೆ. ಕೆನ್ನೆ ಬಿಸಾಡಬೇಡಿ, ಇಡೀ ಮೀನಿನಲ್ಲಿ ಅದೇ ರುಚಿ. ದೋಣಿಯಲ್ಲಿರುವಾಗ ಇದಕ್ಕಿಂತ ಸಣ್ಣದಾಗಿ ಕತ್ತರಿಸುವ ಹಾಗಿಲ್ಲ, ಚರ್ಮ ಸುಲಿಯುವ ಹಾಗೂ ಇಲ್ಲ. ಎಷ್ಟು ಮೀನು ಅಂತ ಲೆಕ್ಕ ಸಿಗಬೇಕಲ್ಲ.

ವಿಮಾನದಲ್ಲಿ ಹೋಗುವವರು ಹೋಮರ್‌ನಲ್ಲೇ ಗಾಳಿ ತೆಗೆದು ಪ್ಯಾಕ್ ಮಾಡಿಸಿ, ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ. 50 ಪೌಂಡಿನೊಳಗಿನ ಪೆಟ್ಟಿಗೆ ಸಾಮಾನಿನ ಜೊತೆ ಹೋಗುತ್ತದೆ. ಒಣ ಐಸ್ ಹಾಕುವುದಾದರೆ ಒಬ್ಬರಿಗೆ ಎರಡೂವರೆ ಕಿಲೋ ಮಿತಿ, ವಿಮಾನದವರಿಗೆ ಹೇಳಿಯೇ ಹಾಕಬೇಕು. ಸಾಲ್ಮನ್ ಹಸಿಯಾಗಿ ತಿನ್ನುವ ಆಸೆಯಿದ್ದರೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳು ದಿನ ಇಟ್ಟ ಮೇಲೆಯೇ ತಿನ್ನಿ, ಕಾಡು ಸಾಲ್ಮನ್‌ನಲ್ಲಿ ಹುಳ ಇರುತ್ತದೆ.

ಅಡುಗೆಗೆ ಸಾಲ್ಮನ್ ನಮ್ಮ ಬಂಗುಡೆಯ ಹಾಗೆ ಎಣ್ಣೆಯ ಮೀನು, ಸ್ವಲ್ಪ ಜಾಸ್ತಿ ಬೆಂದರೂ ತಡೆಯುತ್ತದೆ. ಹಾಲಿಬಟ್‌ನಲ್ಲಿ ಎಣ್ಣೆಯೇ ಇಲ್ಲ. ಒಂದು ನಿಮಿಷ ಜಾಸ್ತಿ ಬೆಂದರೆ ಹತ್ತಿಯ ಹಾಗೆ ಒಣಗುತ್ತದೆ. ರವಾ ಫ್ರೈ ಮಾಡುವಾಗ ತುಂಡು ಒಂದು ಇಂಚು ದಪ್ಪ ಇರಲಿ, ಕಾವಲಿ ಚೆನ್ನಾಗಿ ಕಾದಿರಲಿ. ಸಾರಿಗೆ ಹಾಕುವುದಾದರೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಯಿ, ಹುಳಿ ಹಾಕಿ ರುಬ್ಬಿದ ಮಸಾಲೆಯನ್ನು ಮೊದಲು ಪೂರ್ತಿ ಕುದಿಸಿ, ಹಸಿ ವಾಸನೆ ಹೋಗಲಿ. ಆಮೇಲೆ ಮೀನಿನ ತುಂಡು ಬಿಡಿ, ಐದು ನಿಮಿಷಕ್ಕೆ ಒಲೆ ಆರಿಸಿ, ಮುಚ್ಚಳ ಹಾಕಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ. ಉಳಿದ ಬಿಸಿಯಲ್ಲೇ ಅದು ಹದವಾಗಿ ಬೇಯುತ್ತದೆ.